ಅಡ್ಡ ಚುಕ್ಕೆ, ನೇರ ಚುಕ್ಕೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ದೊಡ್ಡ ಪದಗಳು ನನ್ನ ಕೈಗೆ ಬರುವುದಿಲ್ಲ. ಬಂದರೂ ಒತ್ತಕ್ಷರ ಎಲ್ಲಿಡಬೇಕೆಂದು ಯೋಚಿಸುವಷ್ಟರಲ್ಲಿ ಹೇಳಬೇಕಾದದ್ದೇ ಮರೆತುಹೋಗುತ್ತದೆ. ನಮ್ಮ ಬೀದಿಯ ವಾಚನಾಲಯದ ಮೇಡಂ ಈ ಸಲದ ಗೋಡೆ ಪತ್ರಿಕೆಗೆ "ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆಯಿರಿ" ಎಂದು ಅಲ್ಲಿದ್ದವರಿಗೆಲ್ಲ ಹೇಳಿದರು. ನನ್ನ ಕಡೆ ನೋಡಿ ಹೇಳಲಿಲ್ಲ. ಆದರೂ ಬರೆಯುತ್ತಿದ್ದೇನೆ. ಪ್ರತಿ ಸಾಲನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಪೆನ್ನಿನಲ್ಲಿ ತಿದ್ದಿದ್ದೇನೆ. ಓದಲಾಗದ ಕಡೆ ದಯವಿಟ್ಟು ಊಹಿಸಿಕೊಳ್ಳಿ.

ನನಗೆ ಚೆನ್ನಾಗಿ ಗೊತ್ತಿರುವುದು ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಶಾಲೆ ಬಿಟ್ಟಂದಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಅವಳು ಬಾಣ ಮಾಡುತ್ತಾಳೆ. ಬೇಟೆಗಲ್ಲ, ಆಟಕ್ಕೆ. ನಮ್ಮ ಮನೆಯ ಹಿಂದೆ ಬಿಲ್ಲುಗಾರರ ಕ್ಲಬ್ಬಿನ ಬಯಲಿದೆ. ಅಲ್ಲಿ ಬಿಲ್ಲು ಹಿಡಿಯುವವರಿಗೆಲ್ಲ ಮರದ ಬಾಣ ಹೋಗುವುದು ನಮ್ಮ ಮನೆಯಿಂದಲೇ. ಬೀದಿಯ ಮಕ್ಕಳು ಅವಳನ್ನು ಕಡ್ಡಿ ಅಮ್ಮ ಎನ್ನುತ್ತಾರೆ. ನೋಡಿದರೆ ಅವಳು ಕಡ್ಡಿಯಂತೇನೂ ಇಲ್ಲ. ತುಂಬಿದ ಮೈ, ದುಂಡು ಮುಖ, ನಕ್ಕರೆ ಹೆಗಲೆರಡೂ ಕುಣಿಯುತ್ತವೆ.

ಮನೆಯ ಹಿಂದಿನ ಶೆಡ್ಡೇ ಅಂಗಡಿ. ತಗಡಿನ ಮಾಡು, ಅರ್ಧ ಎತ್ತಿದರೆ ಅಲ್ಲೇ ಸಿಕ್ಕಿಕೊಳ್ಳುವ ಶಟರು, ಒಳಗೆ ಉದ್ದದ ಒಂದು ಮೇಜು. ಮೇಜಿನ ಈ ತುದಿ ದೊಡ್ಡಮ್ಮನದು, ಆ ತುದಿ ದೊಡ್ಡಪ್ಪನದು. ನಡುವೆ ಅಂಟಿನ ಡಬ್ಬ, ಗರಿಗಳ ಪೆಟ್ಟಿಗೆ, ಸದಾ ಕುದಿಯುವ ಒಂದು ಕೆಟಲ್ಲು. ಆ ಕೆಟಲ್ಲಿನಿಂದ ಚಹಾ ಮಾಡುವ ಹಾಗಿಲ್ಲ. ಅದು ಕಡ್ಡಿಗಳಿಗೆ.

ಕೆಲಸ ಹೀಗೆ. ಬಾಣದ ಕಡ್ಡಿಯನ್ನು ದೊಡ್ಡಮ್ಮ ಕಿಟಕಿಯ ಹಳೆಯ ಗಾಜಿನ ಮೇಲೆ ಉರುಳಿಸುತ್ತಾಳೆ. ನೇರವಾಗಿದ್ದರೆ ಸರ್ರನೆ ಉರುಳುತ್ತದೆ, ಡೊಂಕಿದ್ದರೆ ಟಕಟಕ ಎನ್ನುತ್ತದೆ. ಡೊಂಕನ್ನು ಕೆಟಲ್ಲಿನ ಹಬೆಗೆ ಹಿಡಿದು ಅಂಗೈಯಲ್ಲಿ ಒತ್ತಿ ತಿದ್ದುತ್ತಾಳೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ಅವ್ರ ಮನೇಲಿ ಕೆಟಲ್ ಇರ್ಲಿಲ್ಲ ಅಂತ ಕಾಣತ್ತೆ" ಎನ್ನುತ್ತಾಳೆ.

ಆಮೇಲೆ ಬಾಗು ನೋಡುವುದು. ಒಂದು ಹಲಗೆಗೆ ಎರಡು ಗೂಟ ಹೊಡೆದಿದೆ. ಗೂಟಗಳ ಮೇಲೆ ಕಡ್ಡಿಯನ್ನು ಮಲಗಿಸಿ, ನಟ್ಟ ನಡುವೆ ತಕ್ಕಡಿಯ ತೂಕದ ಕಲ್ಲನ್ನು ತೂಗುಹಾಕಿದರೆ ಕಡ್ಡಿ ಸ್ವಲ್ಪ ಬಾಗುತ್ತದೆ. ಎಷ್ಟು ಬಾಗಿತೆಂದು ಒಂದು ಮುಳ್ಳು ತೋರಿಸುತ್ತದೆ. ಅದು ಕೆಟ್ಟುಹೋದ ಗೋಡೆ ಗಡಿಯಾರದ ಮುಳ್ಳು. ಕ್ಲಬ್ಬಿನವರು ಇದನ್ನು ಸ್ಪೈನ್ ಎನ್ನುತ್ತಾರೆ, ದೊಡ್ಡಮ್ಮ ಬಾಗು ಎನ್ನುತ್ತಾಳೆ. ಒಂದೇ ಬಾಗಿನ ಹನ್ನೆರಡು ಕಡ್ಡಿ ಸಿಕ್ಕಿದರೆ ಒಂದು ಕಟ್ಟು.

ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ಕಡ್ಡಿಯನ್ನು ಗೂಟದ ಮೇಲೆ ಕಾಲು ಸುತ್ತು ಹೊರಳಿಸಿದರೆ ಮುಳ್ಳು ಬೇರೆ ಕಡೆ ನಿಲ್ಲುತ್ತದೆ. ಮರದ ಎಳೆ ಒಂದು ಮಗ್ಗುಲಿಗೆ ಬಿಗಿ, ಇನ್ನೊಂದು ಮಗ್ಗುಲಿಗೆ ಸಡಿಲ. ಬಿಗಿ ಮಗ್ಗುಲನ್ನು ಹುಡುಕಿ, ಕಡ್ಡಿಯ ಹಿಂತುದಿಯ ಹತ್ತಿರ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಇಡಬೇಕು. ಕೊನೆಗೆ ಹಿಂತುದಿಗೆ ಪ್ಲಾಸ್ಟಿಕ್ಕಿನ ಕಚ್ಚು ಅಂಟಿಸಬೇಕು. ಕಚ್ಚಿನಲ್ಲಿ ಒಂದು ಸೀಳಿರುತ್ತದೆ, ಬಿಲ್ಲಿನ ಹೆದೆ ಕೂರುವುದು ಆ ಸೀಳಿನಲ್ಲಿ. ಹನ್ನೆರಡು ಬಾಣದಲ್ಲೂ ಚುಕ್ಕೆ ಸೀಳಿನಿಂದ ಒಂದೇ ದಿಕ್ಕಿಗಿರಬೇಕು. ಆಮೇಲೆ ಚುಕ್ಕೆಯ ಮೇಲೆ ಬಣ್ಣದ ಪಟ್ಟಿ ಬಳಿಯುತ್ತೇವೆ, ಚುಕ್ಕೆ ಮುಚ್ಚಿಹೋಗುತ್ತದೆ.

ಇಷ್ಟೊಂದು ಯಾಕೆ ಎಂದು ನಾನು ಬಂದ ಹೊಸದರಲ್ಲಿ ಕೇಳಿದ್ದೆ. ದೊಡ್ಡಮ್ಮ ಬೈಯಲಿಲ್ಲ.

"ಬಿಟ್ಟ ಬಾಣ ನೆಟ್ಟಗೆ ಹೋಗತ್ತೆ ಅಂದ್ಕೊಂಡಿದೀಯಾ? ಎದುರಿಗೆ ಬಿಲ್ಲಿನ ಹಿಡಿ ಇದೆಯಲ್ಲ, ಅದನ್ನ ಬಳಸ್ಕೊಂಡು ಹೋಗ್ಬೇಕು. ತುಂಬಿದ ಬಸ್ಸಲ್ಲಿ ಕಂಬ ಬಳಸ್ಕೊಂಡು ಬಾಗಿಲಿಗೆ ಹೋಗಲ್ವಾ ನೀನು, ಸೊಂಟ ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ಮಾಡ್ಕೊಂಡು? ಹಾಗೆ. ಬಿಗಿ ಮೈ ಆದ್ರೆ ಕಂಬಕ್ಕೆ ಉಜ್ಜಿ ಎಡಕ್ಕೆ ಹೋಗತ್ತೆ. ಸಡಿಲ ಮೈ ಆದ್ರೆ ಜಾಸ್ತಿ ಬಳುಕಿ ಬಲಕ್ಕೆ ಬೀಳತ್ತೆ. ಎಲ್ಲಾ ಒಂದೇ ಥರ ಬಳುಕಿದ್ರೆ ಎಲ್ಲಾ ಒಂದೇ ಬಾಗಿಲಲ್ಲಿ ಇಳೀತಾವೆ."

ಅವತ್ತಿನಿಂದ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ನಗು ಬರುತ್ತದೆ.

ದೊಡ್ಡಮ್ಮನಿಗೆ ಈ ಕೆಲಸ ಕಲಿಸಿದ್ದು ಅವಳಪ್ಪ, ಅಂದರೆ ನನ್ನ ತಾತ. ನಾನು ಅವರನ್ನು ನೋಡಿಲ್ಲ. ತಾತನದು ಒಂದು ನಿಯಮವಿತ್ತಂತೆ: ಬಾಣ ಮಾಡುವವರು ಬಯಲಿಗಿಳಿದು ಬಾಣ ಬಿಡಬಾರದು. ಬಿಟ್ಟರೆ, ಒಳ್ಳೆಯವನ್ನೆಲ್ಲ ತಮಗೇ ಇಟ್ಟುಕೊಂಡು ಉಳಿದದ್ದನ್ನು ನಮಗೆ ಕೊಡುತ್ತಾರೆ ಎಂದು ಗಿರಾಕಿಗಳಿಗೆ ಅನುಮಾನ ಬರುತ್ತದೆ. ಶೆಡ್ಡಿನೊಳಗೆ ಹುಲ್ಲಿನ ಹೊರೆಗೆ ಹತ್ತಿರದಿಂದ ಬಿಟ್ಟು, ಗರಿ ಸರಿಯಾಗಿ ಕೂತಿದೆಯೇ ಎಂದು ನೋಡಬಹುದು. "ಗೋಡೆಗೆ ಬಿಟ್ರೆ ಪರೀಕ್ಷೆ, ಬಯಲಿಗೆ ಬಿಟ್ರೆ ಆಟ" ಎನ್ನುತ್ತಿದ್ದರಂತೆ. ತಾತ ಹೋಗಿ ಎಷ್ಟೋ ಕಾಲವಾದರೂ ದೊಡ್ಡಮ್ಮ ಆ ಮಾತು ಮೀರಿರಲಿಲ್ಲ. ಹುಲ್ಲಿನ ಹೊರೆಗೆ ಅವಳು ಬಿಟ್ಟಷ್ಟು ಬಾಣವನ್ನು ಕ್ಲಬ್ಬಿನಲ್ಲಿ ಯಾರೂ ಬಿಟ್ಟಿರಲಾರರು. ಬಯಲಿನಲ್ಲಿ ಮಾತ್ರ ಒಂದೂ ಇಲ್ಲ.

ದೊಡ್ಡಪ್ಪ ಮದುವೆಗೆ ಮುಂಚೆ ಮೀನು ಹಿಡಿಯುವ ಗಾಳದ ಕೋಲು ಮಾಡುವ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಶೆಡ್ಡಿಗೆ ಬಂದರು. ಕಡ್ಡಿಯ ಕೆಲಸ ಅವರಿಗೆ ಹೊಸದಲ್ಲವಾದ್ದರಿಂದ ಯಾರೂ ಏನೂ ಕಲಿಸಲಿಲ್ಲ. ಬಂದ ಮೊದಲ ವಾರವೇ ಇಬ್ಬರಿಗೂ ಅಂಟಿನ ವಿಚಾರಕ್ಕೆ ಜಗಳವಾಗಿ, ಅವತ್ತೇ ಒಂದು ಒಪ್ಪಂದವಾಯಿತು. ಹೆಂಗಸರ ಕಟ್ಟು ಅವಳದು, ಗಂಡಸರ ಕಟ್ಟು ಅವರದು. ಒಬ್ಬರು ಹಿಡಿದ ಕಟ್ಟನ್ನು ಮೊದಲಿನಿಂದ ಕೊನೆಯವರೆಗೂ ಅವರೇ ಮುಗಿಸಬೇಕು, ಇನ್ನೊಬ್ಬರು ಮುಟ್ಟಬಾರದು. "ಮುಟ್ಟಿದ್ರೆ ಜಗಳ, ಮುಟ್ಟದಿದ್ರೆ ಸಂಸಾರ" ಎನ್ನುತ್ತಾರೆ ದೊಡ್ಡಪ್ಪ. ಬಾಣ ಸರಿಯಿಲ್ಲವೆಂದು ಯಾರಾದರೂ ದೂರು ತಂದರೆ ಉತ್ತರ ಕೊಡುವುದು ಮಾತ್ರ ದೊಡ್ಡಮ್ಮ, ಅದು ಯಾರ ಕಟ್ಟಾದರೂ ಸರಿ. ಅವಳದು ಒಂದೇ ಉತ್ತರ: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹೋಗಿ ಇನ್ನೊಂದು ವಾರ ಅಭ್ಯಾಸ ಮಾಡ್ರಿ."

ಹೋದ ವರ್ಷ ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದು ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಕರೆದುಕೊಂಡು ಬಂದೆ. ಅವಳು ಶೆಡ್ಡಿಗೆ ಹೋಗಿ ಹಿಂದಿನ ಕಿಟಕಿ ತೆರೆದಳು. ಬಯಲಿನ ಆ ತುದಿಯಲ್ಲಿ ಗುರಿಹಲಗೆಗಳು ನಿಂತಿದ್ದವು. ಅವಳು ಬಹಳ ಹೊತ್ತು ನೋಡಿದಳು.

"ಆ ನಡುವಿನ ಹಳದಿ ಅಷ್ಟು ಹಳದಿನಾ?" ಎಂದು ಕೇಳಿದಳು.

"ಮೊದಲಿಂದ್ಲೂ ಅಷ್ಟೇ" ಎಂದರು ದೊಡ್ಡಪ್ಪ.

"ನಂಗೆ ಯಾರೂ ಹೇಳ್ಲೇ ಇಲ್ಲ."

ಮುಂದಿನ ವಾರವೇ ಅವಳು ಅಂಗಡಿಯ ಹಳೆಯ ಬಿಲ್ಲೊಂದನ್ನು ತೆಗೆದುಕೊಂಡು, ಅಳಿದುಳಿದ ಬಾಣಗಳನ್ನು ಚೀಲಕ್ಕೆ ತುಂಬಿಕೊಂಡು ಬಯಲಿಗಿಳಿದಳು. ತಾತನ ನಿಯಮ ನೆನಪಿಸಿದ ದೊಡ್ಡಪ್ಪನಿಗೆ "ನಿಯಮಕ್ಕೂ ವಯಸ್ಸಾಗತ್ತೆ ರೀ, ಅದೂ ಸ್ವಲ್ಪ ಕೂತ್ಕೊಳ್ಲಿ" ಎಂದಳು. ಒಂದು ಋತು ಪೂರ್ತಿ, ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅಭ್ಯಾಸ ಮಾಡಿದಳು. ಕೈ ಅವಳಿಗೆ ಮೊದಲೇ ಇತ್ತು. ದೂರ ಮಾತ್ರ ಹೊಸದು.

ಇನ್ನು ಮುಖ್ಯವಾದದ್ದು. ಕ್ಲಬ್ಬಿನ ಹೆಂಗಸರ ತಂಡಕ್ಕೆ ನಾಲ್ಕು ಜನ ಬೇಕು. ಮೂವರು ಗಟ್ಟಿ. ನಾಲ್ಕನೆಯವರು ಊರು ಬಿಟ್ಟು ಹೋಗಿದ್ದರು. ತಂಡ ಮುಂದಿನ ತಿಂಗಳು ಬೇರೆ ಊರಿನ ಪಂದ್ಯಕ್ಕೆ ಹೋಗಬೇಕು. ಆ ಒಂದು ಜಾಗಕ್ಕೆ ಹೆಸರು ಕೊಟ್ಟವರು ಇಬ್ಬರೇ, ನಮ್ಮ ಬೀದಿಯ ಟೈಲರಕ್ಕ ಮತ್ತು ದೊಡ್ಡಮ್ಮ. ಹೆಸರು ಕೊಟ್ಟು ಬಂದ ದಿನ ದೊಡ್ಡಮ್ಮ ಕಡ್ಡಿಗೆ ಮರಳುಕಾಗದ ಉಜ್ಜುತ್ತಾ, ತಲೆಯೆತ್ತದೆ ನನಗೆ ಹೇಳಿದಳು, "ನಾನು ಮಾಡಿದ ಬಾಣ ಎಷ್ಟೋ ಊರು ನೋಡಿದಾವೆ. ನಾನು ಒಂದೂ ನೋಡಿಲ್ಲ."

ಅವಳು ಯಾವುದನ್ನಾದರೂ ಬೇಕು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಯ್ಕೆಯ ಪಂದ್ಯಕ್ಕೆಂದು ಅವಳು ತನಗಾಗಿ ಒಂದು ಕಟ್ಟು ಮಾಡಲು ಕೂತಳು. ಅದು ಅವಳ ಜೀವನದ ಮೊದಲ ಸ್ವಂತ ಕಟ್ಟು. ಎಲ್ಲ ಕಡ್ಡಿಗಳನ್ನೂ ತಾನೇ ಆರಿಸಿ, ಬಾಗು ನೋಡಿ, ಚುಕ್ಕೆ ಇಟ್ಟಳು. ಆರು ಬಾಣಕ್ಕೆ ಕಚ್ಚು ಅಂಟಿಸಿ ಹಸಿರು ಪಟ್ಟಿಯನ್ನೂ ಬಳಿದಿದ್ದಳು, ಅಷ್ಟರಲ್ಲಿ ನಮ್ಮಮ್ಮ ಮನೆ ಬದಲಾಯಿಸುತ್ತಿದ್ದಾಳೆ, ಸಾಮಾನು ಕಟ್ಟಲು ಕೈ ಬೇಕು ಎಂದು ಫೋನ್ ಬಂತು. ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ಹೊರಟಳು. ಹೊರಡುವಾಗ ದೊಡ್ಡಪ್ಪ ಮೆಲ್ಲಗೆ ಕೇಳಿದರು, "ಉಳಿದ ಆರು ನಾನು ಮುಗಿಸ್ಲಾ? ನಿಂಗೆ ಬಂದು ಸುಸ್ತಾಗಿರತ್ತೆ."

ದೊಡ್ಡಮ್ಮ ಬಾಗಿಲಲ್ಲಿ ನಿಂತು ಯೋಚಿಸಿದಳು. ಒಪ್ಪಂದ ಮುರಿಯುವ ಮಾತು ಅದು. "ಸರಿ. ಪಟ್ಟಿ ಹಸಿರೇ ಬಳೀರಿ. ಅಂಟು ಜಾಸ್ತಿ ಹಾಕ್ಬೇಡಿ" ಎಂದಳು.

ನಾವು ಶನಿವಾರ ಸಂಜೆ ಬಂದಾಗ ಹನ್ನೆರಡು ಬಾಣಗಳೂ ಗೋಡೆಗೆ ಒರಗಿ ನಿಂತಿದ್ದವು. ಹಸಿರು ಪಟ್ಟಿ ಒಣಗಿ ಹೊಳೆಯುತ್ತಿತ್ತು. ದೊಡ್ಡಪ್ಪ ಒಂದೊಂದರ ಗರಿಯನ್ನೂ ಹಬೆಗೆ ಹಿಡಿದು ನೇವರಿಸಿದ್ದರು. ದೊಡ್ಡಮ್ಮ ನೋಡಿ, "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ದೊಡ್ಡಪ್ಪ ಆ ರಾತ್ರಿ ಊಟ ಬಡಿಸುವಾಗಲೂ ಶಿಳ್ಳೆ ಹಾಕುತ್ತಿದ್ದರು.

ಭಾನುವಾರ ಆಯ್ಕೆ. ಊಟಕ್ಕೆ ಮುಂಚೆ ಅಭ್ಯಾಸ, ಊಟವಾದ ಮೇಲೆ ಅಂಕದ ಸುತ್ತುಗಳು. ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಅವರೇ ತೀರ್ಪುಗಾರರು. ಗುರಿಹಲಗೆಯ ಬಣ್ಣಗಳನ್ನು ಇಲ್ಲಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಟ್ಟ ನಡುವೆ ಹಳದಿ, ಅದರ ಸುತ್ತ ಕೆಂಪು, ಆಮೇಲೆ ನೀಲಿ, ಕಪ್ಪು, ಕೊನೆಗೆ ಬಿಳಿ. ಒಳಗೆ ಹೋದಷ್ಟೂ ಅಂಕ ಹೆಚ್ಚು.

ದೊಡ್ಡಮ್ಮನ ಮೊದಲ ಬಾಣ ಹಳದಿಯ ಎಡಕ್ಕೆ, ನೀಲಿಯಲ್ಲಿ ಕೂತಿತು. ಅವಳು ಸ್ವಲ್ಪ ಬಲಕ್ಕೆ ಗುರಿ ಹಿಡಿದಳು. ಎರಡನೆಯದು ಬಲಕ್ಕೆ ಹೋಗಿ ಕಪ್ಪಿನಲ್ಲಿ ಕೂತಿತು. ಎಡಕ್ಕೆ ಹಿಡಿದಳು, ಬಾಣ ಇನ್ನೂ ಎಡಕ್ಕೆ ಹೋಯಿತು. ಕೊನೆಗೆ ಬೇಸತ್ತು ತಿದ್ದುವುದನ್ನೇ ಬಿಟ್ಟು, ಹಲಗೆಯಲ್ಲಿದ್ದವನ್ನು ಕಿತ್ತು ತಂದು, ಹನ್ನೆರಡನ್ನೂ ನೇರ ಹಳದಿಗೇ ಹಿಡಿದು ಬಿಟ್ಟಳು. ಆಗಲೂ ಅದೇ ಕಥೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಕೆಲವು ಎಡಕ್ಕೆ, ಕೆಲವು ಬಲಕ್ಕೆ. ನಡುವೆ ಹಳದಿ ಒಂದು ತೂತೂ ಇಲ್ಲದೆ ಹೊಸದಾಗಿ ಹೊಳೆಯುತ್ತಿತ್ತು.

ಪಕ್ಕದ ಹಲಗೆಯ ಟೈಲರಕ್ಕ ಇಣುಕಿ ನೋಡಿದರು. ಅವರ ಬಾಯಿ ಅವರ ಕತ್ತರಿಯ ಹಾಗೆ. "ಅಕ್ಕಾ, ನಡುವೆ ಹಳದಿ ಅಂತ ಒಂದಿದೆ. ಅದಕ್ಕೂ ಸ್ವಲ್ಪ ಕೊಡಿ, ಬೇಜಾರು ಮಾಡ್ಕೊಳತ್ತೆ."

ದೊಡ್ಡಮ್ಮ ನಗಲಿಲ್ಲ. ಹಲ್ಲಿನ ಡಾಕ್ಟರು ಹತ್ತಿರ ಬಂದು, "ಬಾಣದಲ್ಲಿ ಏನಾದ್ರೂ ತೊಂದ್ರೆನಾಮ್ಮಾ?" ಎಂದು ಕೇಳಿದರು.

"ಬಾಣ ನಂದೇ ಡಾಕ್ಟ್ರೇ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ಈ ಕ್ಲಬ್ಬಲ್ಲಿ ಎಲ್ಲರಿಗೂ ಹೇಳಿದೀನಿ. ಇವತ್ತು ಯಾವ ಬಾಯಲ್ಲಿ ಬಾಣ ಸರಿ ಇಲ್ಲ ಅನ್ಲಿ? ಕಣ್ಣೇ ಸರಿ ಹೋಗಿಲ್ಲ ಅಂತ ಕಾಣತ್ತೆ. ನನ್ನ ಹೆಸರು ಹೊಡೆದು ಹಾಕಿ. ಜಾಗ ಇವಳಿಗೇ ಇರ್ಲಿ."

ಟೈಲರಕ್ಕನ ಮುಖ ಸಣ್ಣದಾಯಿತು. ಹೀಗೆ ಸಿಕ್ಕುವ ಜಾಗ ಅವರಿಗೂ ಬೇಕಿರಲಿಲ್ಲ ಎಂದು ಕಾಣುತ್ತದೆ.

"ಊಟ ಆಗ್ಲಿ" ಎಂದರು ಡಾಕ್ಟರು. "ಖಾಲಿ ಹೊಟ್ಟೇಲಿ ಹಲ್ಲೂ ಕೀಳಬಾರ್ದು, ಹೆಸರೂ ಹೊಡೀಬಾರ್ದು."

ದೊಡ್ಡಮ್ಮ ಬಾಣ ಕೀಳಲು ಹಲಗೆಯ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ಏನಾದರೂ ಸಮಾಧಾನ ಹೇಳಬೇಕೆಂದು ದಾರಿಯುದ್ದಕ್ಕೂ ಒಂದು ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಅದು ಮುಗಿಯುವ ಮುಂಚೆಯೇ ಅವಳು ಹಲಗೆಯ ಮುಂದೆ ನಿಂತುಬಿಟ್ಟಳು. ಕೈ ಚಾಚಿದವಳು ಕೀಳಲಿಲ್ಲ. ಎಡಗಡೆಯ ಬಾಣಗಳನ್ನು ನೋಡಿದಳು. ಬಲಗಡೆಯವನ್ನು ನೋಡಿದಳು.

"ಇದೇನೇ ಇದು" ಎಂದಳು. "ಕೈ ತಪ್ಪಿದ್ರೆ, ಇಲ್ಲಾ ಕಣ್ಣು ತಪ್ಪಿದ್ರೆ, ಚೆಲ್ಲಾಪಿಲ್ಲಿ ಆಗ್ಬೇಕಿತ್ತು. ಇಲ್ಲಿ ನೋಡು, ಎರಡು ಸಂಸಾರ ಹೂಡಿದಾವೆ."

ನಿಜವಾಗಿತ್ತು. ಎಡಗಡೆ ಆರು ಬಾಣ, ಒಂದಕ್ಕೊಂದು ಅಂಟಿಕೊಂಡು. ಬಲಗಡೆ ಆರು, ಅವೂ ಜೊತೆಜೊತೆಗೇ, ಸ್ವಲ್ಪ ಮಾತ್ರ ಅಗಲವಾಗಿ. ಅವಳು ಎಡಗಡೆಯವನ್ನು ಎಡಗೈಯಲ್ಲಿ, ಬಲಗಡೆಯವನ್ನು ಬಲಗೈಯಲ್ಲಿ ಕಿತ್ತುಕೊಂಡು, ಯಾವುದನ್ನೂ ಬೆರೆಸದೆ ಬೆಂಚಿನ ಹತ್ತಿರ ಬಂದಳು. ಟೈಲರಕ್ಕನ ಕೈಯಿಂದ ಬ್ಲೇಡು ಇಸಿದುಕೊಂಡು, ಪ್ರತಿ ಗುಂಪಿನಿಂದ ಒಂದೊಂದು ಬಾಣದ ಹಸಿರು ಪಟ್ಟಿಯನ್ನು ಹೆರೆದಳು. ಹಸಿರಿನ ಕೆಳಗಿನಿಂದ ಕೆಂಪು ಚುಕ್ಕೆ ಮೇಲೆ ಬಂತು. ಒಂದರಲ್ಲಿ ಚುಕ್ಕೆ ಕಚ್ಚಿನ ಸೀಳಿಗೆ ಅಡ್ಡವಾಗಿ, ಮಗ್ಗುಲಲ್ಲಿತ್ತು. ಇನ್ನೊಂದರಲ್ಲಿ ಸೀಳಿನ ನೇರಕ್ಕಿತ್ತು.

"ನಿಮ್ಮ ದೊಡ್ಡಪ್ಪನ್ನ ಕರ್ಕೊಂಡು ಬಾ" ಎಂದಳು.

ದೊಡ್ಡಪ್ಪ ನೋಡಲು ಧೈರ್ಯವಿಲ್ಲದೆ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂತಿದ್ದರು. ನನ್ನ ಮುಖ ನೋಡಿ, ಲೋಟ ಅಲ್ಲೇ ಬಿಟ್ಟು ಓಡಿ ಬಂದರು. ದೊಡ್ಡಮ್ಮ ಅವರ ಮೂಗಿನ ಮುಂದೆ ಬಾಣ ಹಿಡಿದಳು.

"ರೀ, ಈ ಚುಕ್ಕೆ ಯಾಕೆ ಸೀಳಿನ ನೇರಕ್ಕಿದೆ?"

"ಮತ್ತೆ ಇನ್ನೆಲ್ಲಿ ಇರ್ಬೇಕು?"

"ಅಡ್ಡಕ್ಕೆ. ಬಿಗಿ ಮಗ್ಗುಲು ಬಿಲ್ಲಿನ ಕಡೆಗೆ."

"ಅಡ್ಡಕ್ಕೆ ಯಾರಾದ್ರೂ ಇಡ್ತಾರೇನೇ?"

"ನಮ್ಮಪ್ಪ ಇಡ್ತಿದ್ರು. ನಾನು ಇಡ್ತೀನಿ. ಬಿಲ್ಲು ಮುಟ್ಟಿದೋರೆಲ್ಲ ಹಾಗೇ ಇಡೋದು."

"ಕಾರ್ಖಾನೇಲಿ ನಾವು ಗಾಳದ ಕೋಲಿಗೆ ಬಿಗಿ ಮಗ್ಗುಲು ಹುಡುಕಿ, ದಾರ ಹೋಗೋ ಉಂಗುರದ ನೇರಕ್ಕೇ ಇಡ್ತಿದ್ವಿ. ದಾರ ಯಾವ ಕಡೆಗೋ ಬಿಗಿ ಆ ಕಡೆಗೆ. ಇಲ್ಲಿ ಹೆದೆ ಅಂದ್ರೂ ದಾರಾನೇ ತಾನೆ?"

ದೊಡ್ಡಮ್ಮ ಅವರನ್ನೇ ನೋಡಿದಳು. "ಮದುವೆ ಆದಾಗಿಂದ ಹೀಗೇ ಇಡ್ತಿದೀರಾ?"

"ಮತ್ತೆ? ನೀನೂ ಹೀಗೇ ಇಡ್ತಿದೀಯಾ ಅಂದ್ಕೊಂಡಿದ್ದೆ."

"ರೀ, ಇಷ್ಟು ವರ್ಷ ಈ ಕ್ಲಬ್ಬಿನ ಗಂಡಸರೆಲ್ಲ ಏನು ಮೀನು ಹಿಡೀತಿದ್ರಾ?"

ಅಲ್ಲಿಯವರೆಗೆ ತಡೆದುಕೊಂಡಿದ್ದ ಟೈಲರಕ್ಕ ಬೆಂಚಿನ ಮೇಲೆ ಕೂತು ನಗಲು ಶುರು ಮಾಡಿದರು. ಹಲ್ಲಿನ ಡಾಕ್ಟರು ಮಾತ್ರ ನಗಲಿಲ್ಲ. ಅವರ ಬಾಣದ ಚೀಲ ಹೆಗಲ ಮೇಲಿತ್ತು. ಅದರೊಳಗಿದ್ದದ್ದು ದೊಡ್ಡಪ್ಪ ಮಾಡಿದ ಕಟ್ಟು. "ಹಾಗಾದ್ರೆ ನನ್ನವು?" ಎಂದು ಕೇಳಿದರು.

"ನಿಮ್ಮವು ಹನ್ನೆರಡೂ ಇವ್ರದ್ದೇ. ಹನ್ನೆರಡೂ ಒಂದೇ ಥರ ತಪ್ಪು. ಒಗ್ಗಟ್ಟಾಗಿ ತಪ್ಪಿದ್ರೆ ಅದೂ ಒಂದು ಸರಿ" ಎಂದಳು ದೊಡ್ಡಮ್ಮ. "ನಿಮ್ಮ ಬಿಲ್ಲು ಅದಕ್ಕೇ ಒಗ್ಗಿಹೋಗಿದೆ. ಗೆದ್ದಿಲ್ವಾ ನೀವು? ಸುಮ್ನಿರಿ."

"ಅಲ್ಲಾ ಡಾಕ್ಟ್ರೇ, ಯಾವತ್ತಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದರು ದೊಡ್ಡಪ್ಪ.

"ಹೇಳೋಕೆ ಬಂದೆ ಒಂದ್ಸಲ. ಬಾಗಿಲಲ್ಲೇ ಇವ್ರು ಕುಣಿಯಲಾರದವಳು ಅಂದ್ರು. ಹೆಂಗಸಿನ ಗಾದೆ ನನಗೆ ಯಾಕೆ ಅಂತ ಯೋಚಿಸ್ತಾ ವಾಪಸ್ ಹೋದೆ."

ಈಗ ದೊಡ್ಡಮ್ಮನ ಹೆಗಲು ಕುಣಿಯಲು ಶುರುವಾಯಿತು. ನಕ್ಕಳು, ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣು ಚೆನ್ನಾಗಿದೆ ಎಂಬ ಖುಷಿಯೂ ಆ ನಗುವಿನಲ್ಲಿತ್ತು ಎಂದು ನನಗನಿಸಿತು. ಬೆಳಗಿನಿಂದ ಅವಳನ್ನು ಕಾಡಿದ್ದು ಅದೇ. ಆಮೇಲೆ ಡಾಕ್ಟರಿಗೆ, "ಹೆಸರು ಹೊಡೀಬೇಡಿ" ಎಂದಳು.

ಕಚ್ಚು ಕಿತ್ತು ಮತ್ತೆ ಅಂಟಿಸಲು ಸಮಯವಿರಲಿಲ್ಲ. ಅಂಟು ಒಣಗಲು ಒಂದು ರಾತ್ರಿ ಬೇಕು. ಆದರೆ ಒಂದು ಸುತ್ತಿಗೆ ಬೇಕಾದದ್ದು ಆರೇ ಬಾಣ. ತನ್ನ ಆರನ್ನು ತೆಗೆದುಕೊಂಡು, ದೊಡ್ಡಪ್ಪನ ಆರನ್ನು ಅವರ ಕೈಗೇ ಕೊಟ್ಟಳು. "ಹಿಡ್ಕೊಂಡು ನಿಂತ್ಕೊಳ್ಳಿ. ಚಹಾದಂಗಡಿಗೆ ಹೋಗ್ಬೇಡಿ."

ಊಟವಾದ ಮೇಲಿನ ಮೊದಲ ಸುತ್ತು ನೋಡಬೇಕಿತ್ತು. ಅವಳು ಸ್ವಲ್ಪ ಬಲಕ್ಕೆ ಹಿಡಿದು ಬಿಟ್ಟ ಆರೂ ಹಳದಿ, ಕೆಂಪಿನಲ್ಲಿ ಗೂಡಿನ ಮೊಟ್ಟೆಗಳಂತೆ ಕೂತವು. ಟೈಲರಕ್ಕ ಬೇಕೆಂದೇ ದೊಡ್ಡದಾಗಿ ನಿಟ್ಟುಸಿರು ಬಿಟ್ಟು, "ಬೆಳಿಗ್ಗೆ ಹೇಗಿದ್ರೋ ಹಾಗೇ ಇರ್ಬಾರ್ದಿತ್ತಾ ಅಕ್ಕಾ" ಎಂದರು. ಅವರೂ ಬಿಡುವವರಲ್ಲ. ಹೊಲಿಗೆ ಹಾಕಿದಂತೆ ಒಂದರ ಪಕ್ಕ ಒಂದು ಕೂರಿಸಿದರು. ಸುತ್ತಿನಿಂದ ಸುತ್ತಿಗೆ ಒಮ್ಮೆ ಅವರು ಮುಂದೆ, ಒಮ್ಮೆ ಇವಳು ಮುಂದೆ.

ಮೂರನೆಯ ಸುತ್ತಿನಲ್ಲಿ ಗಾಳಿ ಬೀಸಿತು. ದೊಡ್ಡಮ್ಮನ ಒಂದು ಬಾಣ ಹಲಗೆಯ ಅಂಚು ಸವರಿ, ಹಿಂದಿನ ಕಬ್ಬಿಣದ ಕಾಲಿಗೆ ಬಡಿದು ಮುರಿಯಿತು. ಈಗ ಅವಳ ಹತ್ತಿರ ಉಳಿದದ್ದು ಐದು. ಸುತ್ತಿಗೆ ಆರು ಬೇಕು.

ಅವಳು ದೊಡ್ಡಪ್ಪನ ಕಡೆ ತಿರುಗಿದಳು. "ನಿಮ್ಮದ್ರಲ್ಲಿ ಒಳ್ಳೇದು ಒಂದು ಕೊಡಿ."

ದೊಡ್ಡಪ್ಪ ಆರು ಬಾಣಗಳನ್ನೂ ಒಂದೊಂದಾಗಿ ಬೆಂಚಿನ ಮೇಲೆ ಉರುಳಿಸಿದರು. ಕೊನೆಗೆ ಒಂದನ್ನು ಆರಿಸಿ, "ಇದು ಬಲಕ್ಕೇ ಹೋಗತ್ತೆ. ಆದ್ರೆ ಸುಳ್ಳು ಹೇಳಲ್ಲ, ಪ್ರತಿ ಸಲಾನೂ ಅಷ್ಟೇ ಹೋಗತ್ತೆ" ಎಂದರು.

ಟೈಲರಕ್ಕ ತಮ್ಮ ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು ಅದಕ್ಕೊಂದು ಗೆರೆ ಎಳೆದರು. ಎದುರಾಳಿಯ ಬಾಣ ಬೆರೆಯದಿರಲಿ ಎಂದು ಗುರುತು ಹಾಕಿಕೊಟ್ಟವರನ್ನು ನಾನು ಇದುವರೆಗೆ ನೋಡಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಸುತ್ತಿನಲ್ಲೂ ದೊಡ್ಡಮ್ಮ ಆ ಬಾಣವನ್ನು ಕೊನೆಗೆ ಬಿಟ್ಟಳು. ಮೊದಲ ಸಲ ಎಡಕ್ಕೆ ಹಿಡಿದದ್ದು ಸಾಲದೆ ಬಲಗಡೆಯ ನೀಲಿಗೆ ಹೋಯಿತು. ಎರಡನೇ ಸಲ ಇನ್ನೂ ಎಡಕ್ಕೆ ಹಿಡಿದಳು, ಬಲಗಡೆಯ ಕೆಂಪಿಗೆ ಬಂತು. "ಬರ್ತಾ ಇದಾನೆ, ಬರ್ತಾ ಇದಾನೆ" ಎಂದು ತನಗೆ ತಾನೇ ಹೇಳಿಕೊಂಡಳು, ತಡವಾಗಿ ಮನೆಗೆ ಬರುವವರನ್ನು ಕಿಟಕಿಯಿಂದ ನೋಡಿದ ಹಾಗೆ.

ಕೊನೆಯ ಸುತ್ತು. ಟೈಲರಕ್ಕ ಮುಗಿಸಿ ಬಿಲ್ಲು ಕೆಳಗಿಟ್ಟರು. ದೊಡ್ಡಮ್ಮನ ಐದು ಬಾಣ ಆಯಿತು. ಡಾಕ್ಟರು ಅಂಕ ಕೂಡಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: ಉಳಿದ ಒಂದು ಬಾಣ ಕೆಂಪಿಗೆ ಬಿದ್ದರೆ ಇಬ್ಬರೂ ಸಮ, ಹಳದಿಗೆ ಬಿದ್ದರೆ ಜಾಗ ದೊಡ್ಡಮ್ಮನದು, ಬೇರೆ ಎಲ್ಲಿ ಬಿದ್ದರೂ ಟೈಲರಕ್ಕನದು. ಉಳಿದಿದ್ದದ್ದು ಸೀಮೆಸುಣ್ಣದ ಗೆರೆಯ ಬಾಣ.

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ತಮ್ಮ ಕೈಯಲ್ಲುಳಿದ ಐದೂ ಬಾಣ ಎದೆಗೊತ್ತಿ ಹಿಡಿದುಕೊಂಡು, ಬಸ್ಸಿಗೆ ಕಾಯುವ ಪ್ರಯಾಣಿಕನಂತೆ ನೆಟ್ಟಗೆ ನಿಂತಿದ್ದರು.

ದೊಡ್ಡಮ್ಮ ಹೆದೆ ಎಳೆದಳು. ಅವಳ ಹಿಂದೆ ನಿಂತಿದ್ದ ನನಗೆ ಬಾಣದ ಮೊನೆ ಎತ್ತ ಇದೆಯೆಂದು ಕಾಣುತ್ತಿತ್ತು. ಅದು ಹಳದಿಯ ಕಡೆಗಿರಲಿಲ್ಲ. ಎಡಗಡೆಯ ನೀಲಿಯ ಕಡೆಗಿತ್ತು. ತಿಳಿಯದವರು ನೋಡಿದರೆ ಬೇಕೆಂದೇ ಸೋಲುತ್ತಿದ್ದಾಳೆ ಎನ್ನಬೇಕು. ಅವಳು ಉಸಿರು ಹಿಡಿದಳು, ಹೆದೆ ಬಿಟ್ಟಳು. ಬಾಣ ಬಳುಕಿತು. ನಾನು ಅದನ್ನು ಕಣ್ಣಾರೆ ಕಂಡೆ ಎಂದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಕಂಡ ಹಾಗಾಯಿತು ಎಂದು ಬರೆಯುತ್ತೇನೆ. ಠಪ್ ಎಂಬ ಸದ್ದು ಬಂತು.

ಅಲ್ಲಿಂದ ನೋಡಿದರೆ ಹಳದಿಯೋ ಕೆಂಪೋ ತಿಳಿಯಲಿಲ್ಲ. ಎಲ್ಲರೂ ಹಲಗೆಯ ಹತ್ತಿರ ಹೋದೆವು. ಬಾಣ ಹಳದಿಯ ಬಲ ಅಂಚಿನಲ್ಲಿ, ಗೆರೆಯ ಮೇಲೇ ನಿಂತಿತ್ತು. ಬಾಣ ಗೆರೆಯನ್ನು ತಾಗಿದರೆ ಒಳಗಿನ ಬಣ್ಣದ ಅಂಕ ಕೊಡಬೇಕೆಂಬುದು ನಿಯಮ. ಡಾಕ್ಟರು ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಹುಳುಕು ಹಲ್ಲು ನೋಡುವ ಹಾಗೆ ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು.

"ಬೇಗ ಹೇಳಿ ಡಾಕ್ಟ್ರೇ, ನೋವಾಗತ್ತೆ" ಎಂದರು ಟೈಲರಕ್ಕ.

"ತಾಗಿದೆ. ಹಳದಿ" ಎಂದರು ಡಾಕ್ಟರು.

ದೊಡ್ಡಮ್ಮ ಹಿಂದೆ ತಿರುಗಿ ನೋಡಿದಳು. ದೊಡ್ಡಪ್ಪ ಇನ್ನೂ ಅಲ್ಲೇ, ಬಯಲಿನ ಆ ತುದಿಯಲ್ಲಿ, ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಅವಳು ಅಷ್ಟು ದೂರವೂ ನಡೆದು ಹೋದಳು.

"ರೀ, ಕಣ್ಣು ಬಿಡಿ."

"ಯಾವ ಬಣ್ಣ?"

"ಮೊದಲಿಂದ್ಲೂ ಅಷ್ಟೇ ಹಳದಿ ಅಂದಿದ್ರಲ್ಲ, ಅದು."

ದೊಡ್ಡಪ್ಪ ಕಣ್ಣು ಬಿಟ್ಟರು. ಏನು ಮಾಡಬೇಕೆಂದು ತಿಳಿಯದೆ, ಕೈಯಲ್ಲಿದ್ದ ಐದು ಬಾಣಗಳನ್ನೂ ಅವಳಿಗೆ ಹೂಗೊಂಚಲಿನ ಹಾಗೆ ಕೊಟ್ಟರು. ಟೈಲರಕ್ಕ ಹಿಂದಿನಿಂದ ಬಂದು, "ನಾನು ಮೀಸಲು ಆಟಗಾರ್ತಿಯಾಗಿ ಬರ್ತೀನಿ. ನಾಲ್ಕು ಜನರಲ್ಲಿ ಒಬ್ಬರಿಗಾದ್ರೂ ನೆಗಡಿ ಆಗ್ಲಿ ಅಂತ ಕೇಳ್ಕೊಳ್ತೀನಿ" ಎಂದು ದೊಡ್ಡಮ್ಮನನ್ನು ತಬ್ಬಿಕೊಂಡರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ನಿಮ್ಮ ಹತ್ರ ಮಾತಿಲ್ಲ. ನನ್ನ ಸೋಲಿಸಿದ್ದು ನಿಮ್ಮ ಗಾಳ" ಎಂದರು. ಅಷ್ಟು ಹೇಳಿದರೂ ಸಂಜೆ ಮನೆಗೆ ಬಂದು ನಮ್ಮ ಜೊತೆ ಚಹಾ ಕುಡಿದೇ ಹೋದರು.

ಅವತ್ತು ಸಂಜೆ ಶೆಡ್ಡಿನಲ್ಲಿ ಇಬ್ಬರೂ ಮೇಜಿನ ಒಂದೇ ತುದಿಯಲ್ಲಿ ಕೂತು ವಾದ ಮಾಡಿದರು. ಇನ್ನು ಮುಂದೆ ಚುಕ್ಕೆ ಅಡ್ಡವೋ ನೇರವೋ ಎಂಬುದೇ ವಾದ. ನೇರ ಚುಕ್ಕೆಯ ಕಟ್ಟಿನಿಂದಲೇ ಕ್ಲಬ್ಬಿನ ಗಂಡಸರು ಇಷ್ಟು ಕಾಲ ಗೆದ್ದಿದ್ದಾರೆ ಎಂದರು ದೊಡ್ಡಪ್ಪ. ಬೆಳಿಗ್ಗೆ ದೊಡ್ಡಪ್ಪನ ಆರು ಬಾಣಗಳ ಗುಂಪು ಸ್ವಲ್ಪ ಅಗಲವಾಗಿ ಬಿದ್ದಿತ್ತು, ನೋಡಲಿಲ್ಲವೇ ಎಂದಳು ದೊಡ್ಡಮ್ಮ. ತೂಕ ಹಾಕಿ ನೋಡಿದ ಮಗ್ಗುಲು ಒಂದು, ಬಳುಕುವ ಮಗ್ಗುಲು ಇನ್ನೊಂದು ಆದರೆ ಹಾಗೇ ಆಗುವುದಂತೆ. ದೊಡ್ಡಪ್ಪ ಕಡ್ಡಿಯೊಂದನ್ನು ಗೂಟದ ಮೇಲೆ ಹೊರಳಿಸಿ, ಮುಳ್ಳನ್ನು ನೋಡಿ, ಮತ್ತೆ ಹೊರಳಿಸಿ ನೋಡಿ, ಕೊನೆಗೆ ಒಪ್ಪಿಕೊಂಡರು. ಹೊಸ ಕಟ್ಟುಗಳಿಗೆಲ್ಲ ಇನ್ನು ಅಡ್ಡ ಚುಕ್ಕೆ. ಹಳೆಯ ಗಿರಾಕಿಗಳ ಬಿಲ್ಲು ನೇರ ಚುಕ್ಕೆಗೆ ಒಗ್ಗಿದೆ, ಆದ್ದರಿಂದ ಅವರಿಗೆ ಮಾತ್ರ ಮೊದಲಿನಂತೆಯೇ. ಮೊದಲು ಒಪ್ಪಿಕೊಂಡವರು ತಾವೇ ಎಂದು ಎಲ್ಲರಿಗೂ ಹೇಳಬೇಕೆಂಬುದು ದೊಡ್ಡಪ್ಪನ ಷರತ್ತು, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಪಂದ್ಯಕ್ಕೆ ದೊಡ್ಡಮ್ಮನಿಗೆ ಒಂದೇ ಥರದ ಹನ್ನೆರಡು ಬಾಣ ಬೇಕು. ನಾಳೆ ಬೆಳಿಗ್ಗೆ ಶಟರು ಎತ್ತಿದ ಮೇಲೆ ನಾನು ದೊಡ್ಡಪ್ಪನ ಆರು ಬಾಣಗಳ ಕಚ್ಚನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಿತ್ತು, ಚುಕ್ಕೆ ಸೀಳಿಗೆ ಅಡ್ಡವಾಗುವಂತೆ ತಿರುಗಿಸಿ ಮತ್ತೆ ಅಂಟಿಸುತ್ತೇನೆ. ಮುರಿದದ್ದರ ಬದಲಿಗೆ ಅದೇ ಬಾಗಿನ ಇನ್ನೊಂದು ಕಡ್ಡಿಯನ್ನು ಹುಡುಕುತ್ತೇನೆ.